ಜೊತೆಗೆ ಕೂರಲು ಒಪ್ಪದವರು: ಕ್ರೈಸ್ತ ಬಾಳಿನಲ್ಲಿ ದೀನತೆ ಮತ್ತು ಸ್ವನೀತಿ



ವಿಷಯದ ಆಯ್ಕೆಯನ್ನು ನೀವು ನನಗೇ ಬಿಟ್ಟಿರಿ. ನಮ್ಮ ಸಭೆಗಳ ನಡುವೆ ಓಡಾಡುವಾಗ ಬಹುಕಾಲದಿಂದ ನನ್ನನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನೇ ಇಂದು ಎತ್ತಿಕೊಂಡಿದ್ದೇನೆ. ದೇವರನ್ನು ಮನಸಾರೆ ಪ್ರೀತಿಸುವವರು, ಉಪವಾಸ ಪ್ರಾರ್ಥನೆಗಳಲ್ಲಿ ಕೊರತೆ ಮಾಡದವರು, ನಂಬಿಕೆಗಾಗಿ ನಷ್ಟ ಅನುಭವಿಸಿದವರು ಪಕ್ಕದ ಬೆಂಚಿನವರನ್ನು ಏಕೆ ಹಗುರವಾಗಿ ಕಾಣತೊಡಗುತ್ತಾರೆ? ಕೆಟ್ಟವರ ಅಹಂಕಾರ ನನಗೆ ಅಷ್ಟು ಸೋಜಿಗವಲ್ಲ. ಒಳ್ಳೆಯವರ ಅಹಂಕಾರ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಅದು ಹುಟ್ಟುವುದು ಅವರಲ್ಲಿರುವ ಅತ್ಯುತ್ತಮವಾದುದರಿಂದ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಈ ಮಾತು ಬಂದಾಗ ಎಲ್ಲರ ನೆನಪಿಗೂ ಬರುವುದು ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ. ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋದ ಫರಿಸಾಯ ಮತ್ತು ಸುಂಕದವನ ಕಥೆ. ಭಾನುವಾರ ಶಾಲೆಯಲ್ಲಿ ಕಲಿತ ಮಕ್ಕಳಿಗೂ ಅದು ಬಾಯಿಪಾಠ. ಆದರೆ ಅದನ್ನು ಕೇಳಿ ಹೊರಗೆ ಬರುವಾಗ ನಮ್ಮ ಮನಸ್ಸಿನಲ್ಲಿ ಏನಾಗುತ್ತದೆ ಎಂದು ನೋಡಿಕೊಳ್ಳಿ. ಸದ್ಯ, ನಾನು ಆ ಫರಿಸಾಯನಂತೆ ಇಲ್ಲವಲ್ಲ ಎಂಬ ಸಮಾಧಾನ ಬರುತ್ತದೆ. ಆ ಸಮಾಧಾನದ ಮಾತೇ ಫರಿಸಾಯನ ಪ್ರಾರ್ಥನೆ. ಕಥೆ ನಮ್ಮನ್ನು ಹಿಡಿಯಬೇಕಾದ ಜಾಗದಲ್ಲೇ ನಾವು ಜಾರಿಕೊಂಡಿರುತ್ತೇವೆ.

ಫರಿಸಾಯನು ಕಪಟಿ ಎಂದು ಯೇಸು ಆ ಕಥೆಯಲ್ಲಿ ಎಲ್ಲಿಯೂ ಹೇಳುವುದಿಲ್ಲ. ಅವನು ವಾರಕ್ಕೆರಡು ದಿನ ಉಪವಾಸ ಮಾಡುತ್ತಾನೆ. ಮೋಶೆಯ ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೊಂದು ದಿನ, ದೋಷಪರಿಹಾರದ ದಿನ. ತಾನು ಪಡೆದುದೆಲ್ಲದರಲ್ಲೂ ಹತ್ತರಲ್ಲೊಂದು ಪಾಲು ಕೊಡುತ್ತಾನೆ. ಅದೂ ಅಗತ್ಯಕ್ಕಿಂತ ಹೆಚ್ಚೇ. ಮೇಲಾಗಿ ಅವನು ತನ್ನ ಒಳ್ಳೆಯತನಕ್ಕೆ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಾನೆ. ಎಲ್ಲವೂ ನನ್ನ ಸಾಧನೆ ಎನ್ನುತ್ತಿಲ್ಲ. ಇಂಥವನೊಬ್ಬ ನಮ್ಮ ಸಭೆಯಲ್ಲಿದ್ದರೆ ಅವನನ್ನು ಹಿರಿಯರ ಸಮಿತಿಗೆ ಆರಿಸುತ್ತೇವೆ, ಖಜಾಂಚಿ ಮಾಡುತ್ತೇವೆ. ಸುಂಕದವನಾದರೋ ರೋಮ್ ಆಳ್ವಿಕೆಯ ತೆರಿಗೆ ವ್ಯವಸ್ಥೆಯಲ್ಲಿ ತನ್ನವರಿಂದಲೇ ಹಣ ಕೀಳುತ್ತಿದ್ದವನು. ಅವನು ಮನೆಗೆ ಹೋದ ಮೇಲೆ ಆ ಕೆಲಸ ಬಿಟ್ಟನೇ ಎಂಬುದನ್ನೂ ಕಥೆ ಹೇಳುವುದಿಲ್ಲ. ಫರಿಸಾಯನ ಪ್ರಾರ್ಥನೆ ಕೆಡುವುದು ಅವನ ಕಣ್ಣು ಪಕ್ಕಕ್ಕೆ ಹೊರಳಿದ ಕ್ಷಣದಲ್ಲಿ. ಅಲ್ಲಿಯವರೆಗೆ ದೇವರ ಮುಂದೆ ಇದ್ದವನು ಈಗ ಹಿಂದೆ ನಿಂತ ಒಬ್ಬ ಮನುಷ್ಯನನ್ನು ಅಳತೆಗೋಲು ಮಾಡಿಕೊಂಡಿದ್ದಾನೆ. ಯೇಸು ಈ ಕಥೆಯನ್ನು ಯಾರಿಗೆ ಹೇಳಿದನೆಂದು ಲೂಕನು ಮೊದಲೇ ತಿಳಿಸಿದ್ದಾನೆ: ತಮ್ಮ ನೀತಿಯಲ್ಲಿ ಭರವಸೆಯಿಟ್ಟು ಉಳಿದವರನ್ನು ಉದಾಸೀನ ಮಾಡುವವರಿಗೆ. ಸ್ವನೀತಿ ಎಂಬುದಕ್ಕೆ ಈ ಎರಡೂ ಮುಖಗಳಿವೆ, ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ.

ಇಲ್ಲಿ ಒಂದು ಅನ್ಯಾಯವನ್ನು ಒಪ್ಪಿಕೊಳ್ಳಬೇಕು. ಫರಿಸಾಯ ಎಂಬ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ. ರಾತ್ರಿ ಯೇಸುವನ್ನು ಹುಡುಕಿಕೊಂಡು ಬಂದ ನಿಕೊದೇಮನು ಫರಿಸಾಯ. ಅಪೊಸ್ತಲರ ಪರವಾಗಿ ನ್ಯಾಯಸಭೆಯಲ್ಲಿ ಎದ್ದು ಮಾತಾಡಿದ ಗಮಲಿಯೇಲನು ಫರಿಸಾಯ. ಹೆರೋದನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು ಎಂದು ಯೇಸುವಿಗೆ ಮುನ್ನೆಚ್ಚರಿಕೆ ಕೊಟ್ಟವರೂ ಫರಿಸಾಯರೇ. ಪೌಲನು ತಾನು ಫರಿಸಾಯನೆಂದು ಕ್ರಿಸ್ತನನ್ನು ನಂಬಿದ ಮೇಲೂ ಹೇಳಿಕೊಂಡ. ಯೆಹೂದ್ಯರನ್ನು ಹೀನಾಯವಾಗಿ ಚಿತ್ರಿಸಲು ಕ್ರೈಸ್ತ ಜಗತ್ತು ಈ ಕಥೆಯನ್ನು ಶತಮಾನಗಳ ಕಾಲ ಬಳಸಿಕೊಂಡಿತು, ಅದರ ಫಲ ಯೂರೋಪಿನಲ್ಲಿ ಎಷ್ಟು ಘೋರವಾಯಿತೆಂದು ನಮಗೆ ಗೊತ್ತಿದೆ. ಇದು ಶುರುವಾದದ್ದು ಬಹಳ ಬೇಗ. ದಿದಾಖೆ ಎಂಬ ಪುಟ್ಟ ಕೈಪಿಡಿ ಕ್ರೈಸ್ತ ಸಭೆಯ ಅತ್ಯಂತ ಹಳೆಯ ಬರಹಗಳಲ್ಲೊಂದು. ಕಪಟಿಗಳು ಸೋಮವಾರ ಮತ್ತು ಗುರುವಾರ ಉಪವಾಸ ಮಾಡುತ್ತಾರೆ, ನೀವು ಬುಧವಾರ ಮತ್ತು ಶುಕ್ರವಾರ ಮಾಡಿರಿ ಎಂಬುದು ಅದರಲ್ಲಿರುವ ಸೂಚನೆ. ವಾರಕ್ಕೆ ಎರಡೇ ದಿನ, ಅದೇ ಉಪವಾಸ, ದಿನಗಳು ಮಾತ್ರ ಬೇರೆ. ನಾವು ಅವರಂತಲ್ಲ ಎಂದು ತೋರಿಸುವ ಆಸೆಗೆ ಕ್ಯಾಲೆಂಡರು ಸಾಕಾಯಿತು.

ಈಗ ನಿಮ್ಮನ್ನು ಉತ್ತರ ಆಫ್ರಿಕಕ್ಕೆ ಕರೆದೊಯ್ಯುತ್ತೇನೆ. ಸ್ವನೀತಿ ಎಂಬುದು ಒಬ್ಬರ ಸ್ವಭಾವದೋಷವಾಗಿ ಉಳಿಯದೆ ಇಡೀ ಸಭೆಯನ್ನು ನೂರು ವರ್ಷ ಸೀಳಿಟ್ಟ ಕಥೆ ಅಲ್ಲಿ ದಾಖಲೆ ಸಮೇತ ಸಿಗುತ್ತದೆ. ನಮ್ಮ ದೇವಶಾಸ್ತ್ರದ ತರಗತಿಗಳಲ್ಲಿ ಅದನ್ನು ಪಾಷಂಡ ಮತಗಳ ಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ ಎಂಬ ಬೇಸರ ನನಗಿದೆ.

ಕ್ರಿ.ಶ. 303ರ ಫೆಬ್ರವರಿಯಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ವಿರುದ್ಧ ಶಾಸನ ಹೊರಡಿಸಿದ. ಆಲಯಗಳನ್ನು ಕೆಡವಬೇಕು, ಧರ್ಮಗ್ರಂಥಗಳನ್ನು ಒಪ್ಪಿಸಬೇಕು, ಅವನ್ನು ಸುಡಲಾಗುವುದು. ಅದೇ ವರ್ಷ ಮೇ 19ರಂದು ನುಮಿದಿಯ ಪ್ರಾಂತದ ಸಿರ್ತಾ ಊರಿನಲ್ಲಿ, ಅಂದರೆ ಇಂದಿನ ಅಲ್ಜೀರಿಯದ ಕಾನ್‌ಸ್ಟಂಟೀನ್ ನಗರದಲ್ಲಿ, ಅಧಿಕಾರಿಗಳು ಕ್ರೈಸ್ತರು ಕೂಡುತ್ತಿದ್ದ ಮನೆಗೆ ಬಂದರು. ಅಂದಿನ ಪಂಚನಾಮೆ ನಮಗೆ ಉಳಿದು ಬಂದಿದೆ. ಚಿನ್ನದ ಪಾನಪಾತ್ರೆ ಎರಡು, ಬೆಳ್ಳಿಯವು ಆರು, ಬೆಳ್ಳಿಯ ದೀಪ ಏಳು. ಆಮೇಲೆ ಹೆಂಗಸರ ಅಂಗಿ 82, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಬಡವರಿಗೆ ಹಂಚಲು ಕೂಡಿಟ್ಟ ಬಟ್ಟೆಬರೆ ಇರಬೇಕು. ಒಂದು ಸಣ್ಣ ಸಭೆಯ ಪ್ರೀತಿ ಎಷ್ಟೆಂದು ಆ ಚಪ್ಪಲಿಗಳ ಲೆಕ್ಕದಲ್ಲಿ ಕಾಣುತ್ತದೆ. ವಸ್ತುಗಳನ್ನು ಹೊರಗೆ ತಂದಿಟ್ಟವರಲ್ಲಿ ಸಿಲ್ವಾನುಸ್ ಎಂಬ ಉಪಸೇವಕನೂ ಇದ್ದ. ಅವನ ಹೆಸರನ್ನು ನೆನಪಿಟ್ಟುಕೊಳ್ಳಿ.

ಹಿಂಸೆ ತಣ್ಣಗಾಯಿತು. ಗ್ರಂಥ ಒಪ್ಪಿಸಿದವರಿಗೆ ದ್ರೋಹಿಗಳೆಂಬ ಹೆಸರು ಅಂಟಿಕೊಂಡಿತು. ಜೈಲಿನಲ್ಲಿ ನರಳಿದವರು, ಮಕ್ಕಳನ್ನು ಕಳೆದುಕೊಂಡವರು ಅವರನ್ನು ಕಂಡು ಕುದಿದದ್ದು ಸಹಜ. 305ರ ಸುಮಾರಿಗೆ ಸಿರ್ತಾಕ್ಕೆ ಹೊಸ ಬಿಷಪನನ್ನು ಆರಿಸಲು ಹನ್ನೆರಡರಷ್ಟು ಬಿಷಪರು ಕೂಡಿದರು. ಹಿರಿಯನಾದ ತಿಗಿಸಿಯ ಸೆಕುಂದುಸ್ ಒಬ್ಬೊಬ್ಬರನ್ನೇ ವಿಚಾರಿಸತೊಡಗಿದ: ನೀನು ಗ್ರಂಥ ಒಪ್ಪಿಸಿದೆಯಂತೆ, ಹೌದೇ? ಒಬ್ಬ ತಾನು ವೈದ್ಯಕೀಯ ಪುಸ್ತಕಗಳನ್ನು ಕೊಟ್ಟು ಪಾರಾದೆನೆಂದ. ಇನ್ನೊಬ್ಬ ಸುವಾರ್ತೆಗಳನ್ನೇ ಬೆಂಕಿಗೆ ಹಾಕಿದ್ದ. ಸರದಿ ಪುರ್ಪುರಿಯುಸ್ ಎಂಬವನಿಗೆ ಬಂತು. ಅವನ ಮೇಲಿದ್ದದ್ದು ತನ್ನ ತಂಗಿಯ ಇಬ್ಬರು ಮಕ್ಕಳನ್ನು ಕೊಂದ ಆರೋಪ. ಅವನು ತಿರುಗಿ ಬಿದ್ದ. ನಿನ್ನನ್ನೂ ಅಧಿಕಾರಿಗಳು ಹಿಡಿದಿದ್ದರಲ್ಲ, ಏನೂ ಕೊಡದೆ ನೀನು ಹೇಗೆ ಬಿಡುಗಡೆಯಾದೆ ಎಂದು ಸೆಕುಂದುಸನನ್ನೇ ಕೇಳಿದ. ವಿಚಾರಣೆ ಅಲ್ಲಿಗೆ ನಿಂತಿತು. ಎಲ್ಲವನ್ನೂ ದೇವರ ತೀರ್ಪಿಗೆ ಬಿಟ್ಟು, ದೇವರಿಗೆ ಸ್ತೋತ್ರ ಹೇಳಿ, ಎಲ್ಲರೂ ಕುಳಿತರು. ಆರಿಸಿದ್ದು ಯಾರನ್ನು? ಅದೇ ಸಿಲ್ವಾನುಸನನ್ನು. ಈ ನಡಾವಳಿಯನ್ನು ಮುಂದೆ ಇವರ ಪಕ್ಷದವರೇ ನಂಬಲರ್ಹವಲ್ಲ ಎಂದು ವಾದಿಸಿದರು ಎಂಬುದನ್ನೂ ಹೇಳಿಬಿಡಬೇಕು. ಆದರೆ ಸಿಲ್ವಾನುಸನ ಕೈ ಅಂದು ಏನು ಮಾಡಿತೆಂಬುದಕ್ಕೆ ಪಂಚನಾಮೆಯೇ ಸಾಕ್ಷಿ.

ಕೆಲವು ವರ್ಷಗಳ ಮೇಲೆ ಕಾರ್ಥೇಜಿನ ಬಿಷಪನಾಗಿ ಕೆಸಿಲಿಯಾನುಸ್ ಆಯ್ಕೆಯಾದ. ಅವನಿಗೆ ಅಭಿಷೇಕ ಮಾಡಿದವರಲ್ಲೊಬ್ಬ ಫೆಲಿಕ್ಸ್, ಗ್ರಂಥ ಒಪ್ಪಿಸಿದ ದ್ರೋಹಿ ಎಂಬ ಗುಲ್ಲೆದ್ದಿತು. ನುಮಿದಿಯದಿಂದ ಎಪ್ಪತ್ತು ಬಿಷಪರು ಬಂದಿಳಿದು, ದ್ರೋಹಿಯ ಕೈಯಿಂದ ಬಂದ ಅಭಿಷೇಕ ಅಭಿಷೇಕವೇ ಅಲ್ಲ ಎಂದು ತೀರ್ಪು ಕೊಟ್ಟು ಬೇರೆಯವನನ್ನು ನೇಮಿಸಿದರು. ಮುಂದಾಳು ಅದೇ ಸೆಕುಂದುಸ್. ಜೊತೆಗೆ ಸಿಲ್ವಾನುಸನೂ ಇದ್ದ. ತಮ್ಮ ಊರಿನಲ್ಲಿ ದೇವರ ತೀರ್ಪಿಗೆ ಬಿಟ್ಟದ್ದನ್ನು ಕಾರ್ಥೇಜಿನಲ್ಲಿ ಅವರು ತಮ್ಮ ತೀರ್ಪಿಗೆ ತೆಗೆದುಕೊಂಡರು. ಮುಂದೆ ನಡೆದ ಸರ್ಕಾರಿ ವಿಚಾರಣೆಯಲ್ಲಿ ಫೆಲಿಕ್ಸ್ ನಿರ್ದೋಷಿಯೆಂದು ಸಿದ್ಧವಾಯಿತು. ಅವನ ವಿರುದ್ಧ ತಂದ ಪತ್ರಕ್ಕೆ ಒಬ್ಬ ಸುಳ್ಳು ಸಾಲುಗಳನ್ನು ಸೇರಿಸಿದ್ದ. 320ರಲ್ಲಿ ಸಿಲ್ವಾನುಸನ ಮೇಲಿನ ಆರೋಪ ನ್ಯಾಯಾಲಯದಲ್ಲಿ ಸಾಬೀತಾಯಿತು. ಇಷ್ಟಾದರೂ ಒಡಕು ಮುಚ್ಚಲಿಲ್ಲ. ದೊನಾತುಸ್ ಎಂಬ ಸಮರ್ಥ ನಾಯಕ ಸಿಕ್ಕ ಮೇಲೆ ಅವರು ದೊನಾತಿಸ್ಟರೆನಿಸಿಕೊಂಡು, ಆಫ್ರಿಕದ ಎಷ್ಟೋ ಊರುಗಳಲ್ಲಿ ಬಹುಸಂಖ್ಯಾತರಾದರು.

ಈ ಒಡಕಿನ ಬೇರಿನಲ್ಲಿ ಲೂಸಿಲ್ಲ ಎಂಬ ಶ್ರೀಮಂತ ಮಹಿಳೆಯೂ ಇದ್ದಾಳೆ. ಪರಮಪ್ರಸಾದ ಸ್ವೀಕರಿಸುವ ಮೊದಲು ಅವಳು ಯಾರೋ ರಕ್ತಸಾಕ್ಷಿಯದೆಂಬ ಎಲುಬಿಗೆ ಮುತ್ತಿಡುತ್ತಿದ್ದಳು. ಕೆಸಿಲಿಯಾನುಸ್ ಇನ್ನೂ ಮುಖ್ಯ ಸೇವಕನಾಗಿದ್ದಾಗ ಎಲ್ಲರೆದುರು ಅದಕ್ಕೆ ಅವಳನ್ನು ಗದರಿಸಿದ್ದ. ಅವಳು ಅದನ್ನು ಮರೆಯಲಿಲ್ಲ. ಅವನನ್ನು ಇಳಿಸಲು ಬಿಷಪರಿಗೆ ಹಣ ಹಂಚಿದಳೆಂಬ ಸಾಕ್ಷ್ಯ 320ರ ವಿಚಾರಣೆಯಲ್ಲಿ ಬಂತು. ಅವಳ ಭಕ್ತಿ ನಾಟಕವೆಂದು ನಾನು ನಂಬುವುದಿಲ್ಲ. ತನ್ನ ಭಕ್ತಿಯ ಕುರುಹನ್ನು ಯಾರೋ ಮುಟ್ಟಿದಾಗ ಮನುಷ್ಯರಿಗೆ ಎಷ್ಟು ಸಿಟ್ಟು ಬರುತ್ತದೆಂದರೆ, ಆ ಸಿಟ್ಟು ಒಂದು ಸಭೆಯನ್ನೇ ಸುಡಬಲ್ಲದು. ಕೆಸಿಲಿಯಾನುಸ್ ಅವಳನ್ನು ಒಬ್ಬಳನ್ನೇ ಕರೆದು ಮೆಲ್ಲಗೆ ಹೇಳಬಹುದಿತ್ತಲ್ಲವೇ ಎಂದೂ ನನಗೆ ಅನಿಸಿದೆ. ತಿದ್ದುವವನ ದನಿಯಲ್ಲೂ ಸ್ವನೀತಿ ಅಡಗಿರುತ್ತದೆ.

ದೊನಾತಿಸ್ಟರು ಹೇಡಿಗಳಾಗಿರಲಿಲ್ಲ, ದುಷ್ಟರೂ ಅಲ್ಲ. ಅವರ ಪೂರ್ವಿಕರು ನಂಬಿಕೆಗಾಗಿ ಸತ್ತಿದ್ದರು. ತಾವು ರಕ್ತಸಾಕ್ಷಿಗಳ ಸಭೆ ಎಂಬುದು ಅವರ ಹೆಮ್ಮೆ, ಅದರಲ್ಲಿ ಸತ್ಯಾಂಶವೂ ಇತ್ತು. ಕಷ್ಟಪಟ್ಟವರಿಗೆ ಈ ಅಪಾಯ ಹೆಚ್ಚು. ಪಟ್ಟ ಪಾಡು ಕ್ರಿಸ್ತನಿಗಾಗಿ ಎಂದಾದಾಗ, ಮೆಲ್ಲಮೆಲ್ಲನೆ ಅದು ನಮ್ಮ ಆಸ್ತಿಯಾಗುತ್ತದೆ, ಅದಕ್ಕೆ ನಾವು ಬೇಲಿ ಹಾಕುತ್ತೇವೆ. ದೊನಾತಿಸ್ಟರ ಬೇಲಿ ಮಡಿ ಮೈಲಿಗೆಯ ರೂಪ ತಾಳಿತು. ಇನ್ನೊಂದು ಪಕ್ಷದಿಂದ ಬಂದವರಿಗೆ ಮತ್ತೆ ದೀಕ್ಷಾಸ್ನಾನ ಕೊಡುತ್ತಿದ್ದರು. ಕೈವಶ ಮಾಡಿಕೊಂಡ ಆಲಯಗಳ ಗೋಡೆಗಳನ್ನು ಉಪ್ಪುನೀರಿನಿಂದ ತೊಳೆಸಿದರು, ಬಲಿಪೀಠಗಳನ್ನು ಕೆರೆದರು. ಕೆರೆಯ ನೀರು ಮುಟ್ಟಿದ್ದಕ್ಕೆ ಶುದ್ಧಿ ಮಾಡಿಸಿದ ಸುದ್ದಿಗಳನ್ನು ಕೇಳಿ ಬೆಳೆದ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಶತಮಾನದಲ್ಲಿ, ಈಜಿಪ್ಟಿನ ಮರುಭೂಮಿಯಲ್ಲಿ, ಇನ್ನೊಂದು ದಾರಿಯನ್ನು ಹುಡುಕಿದವರಿದ್ದರು. ಸ್ಕೇತಿಸ್ ಎಂಬಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಸನ್ಯಾಸಿಗಳಲ್ಲಿ ಮೋಸೆಸ್ ಒಬ್ಬ. ಕಪ್ಪು ಮೈಬಣ್ಣದವನು, ಹಿಂದೆ ದರೋಡೆ ಮಾಡಿಕೊಂಡಿದ್ದವನು. ಒಮ್ಮೆ ಒಬ್ಬ ಸಹೋದರ ತಪ್ಪು ಮಾಡಿದನೆಂದು ವಿಚಾರಣೆಗೆ ಎಲ್ಲರೂ ಕೂಡಿದರು. ಮೋಸೆಸ್ ಬರಲೊಲ್ಲ. ಜನ ಕಾಯುತ್ತಿದ್ದಾರೆ ಬಾ ಎಂದು ಹೇಳಿ ಕಳಿಸಿದಾಗ, ಸೋರುವ ಹಳೆಯ ಕೊಡವೊಂದಕ್ಕೆ ನೀರು ತುಂಬಿ ಹೊತ್ತುಕೊಂಡು ಬಂದ. ಇದೇನೆಂದು ಕೇಳಿದ್ದಕ್ಕೆ, ನನ್ನ ತಪ್ಪುಗಳು ನನ್ನ ಬೆನ್ನ ಹಿಂದೆ ಹೀಗೆ ಸುರಿಯುತ್ತಿವೆ, ನನಗೆ ಕಾಣುವುದಿಲ್ಲ, ಇನ್ನೊಬ್ಬನ ತೀರ್ಪಿಗೆ ಬಂದಿದ್ದೇನೆ ಎಂಬ ಅರ್ಥದ ಮಾತು ಹೇಳಿದ. ವಿಚಾರಣೆ ಬಿಟ್ಟು ಆ ಸಹೋದರನನ್ನು ಕ್ಷಮಿಸಿದರು. ಈ ಕಥೆ ಬಹಳ ಪ್ರಸಿದ್ಧ, ಪ್ರಸಂಗಗಳಲ್ಲಿ ಕೇಳಿಯೇ ಇರುತ್ತೀರಿ. ನಾನು ಒತ್ತಿ ಹೇಳಬೇಕೆಂದಿರುವುದು, ಮೋಸೆಸ್ ಬಾರದೆ ಉಳಿಯಲಿಲ್ಲ ಎಂಬುದನ್ನು. ನಿಮ್ಮ ಪಂಚಾಯಿತಿ ನನಗೆ ಬೇಡ ಎಂದು ಗುಡಿಸಲಿನಲ್ಲೇ ಉಳಿದಿದ್ದರೆ ಅದು ಇನ್ನೊಂದು ಬಗೆಯ ಹೆಚ್ಚುಗಾರಿಕೆ ಆಗುತ್ತಿತ್ತು. ಅವನು ಬಂದು ಅವರ ಸಾಲಿನಲ್ಲೇ ನಿಂತ.

ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಪ್ರಸಂಗವನ್ನು ಸನ್ಯಾಸಿ ಯೊವಾನ್ ಕಾಸಿಯನ್ ತನ್ನ ಸಂವಾದಗಳಲ್ಲಿ ದಾಖಲಿಸಿದ್ದಾನೆ. ಹಿರಿಯನಾದ ಸೆರಾಪಿಯೋನನ ಬಳಿಗೆ ಒಬ್ಬ ಸನ್ಯಾಸಿ ಬಂದ. ನಾನು ಮಹಾಪಾಪಿ, ನಿಮ್ಮ ಜೊತೆ ಪ್ರಾರ್ಥಿಸಲು ಯೋಗ್ಯನಲ್ಲ ಎಂದ. ಚಾಪೆಯ ಮೇಲೆ ಕೂರಲೊಲ್ಲ, ನೆಲವೇ ಸಾಕೆಂದ. ಕಾಲು ತೊಳೆಯಲು ಬಂದರೆ ಬಿಡಲಿಲ್ಲ. ಊಟವಾದ ಮೇಲೆ ಸೆರಾಪಿಯೋನ್ ಪ್ರೀತಿಯಿಂದ ಒಂದು ಬುದ್ಧಿಮಾತು ಹೇಳಿದ: ನೀನು ಗಟ್ಟಿಮುಟ್ಟಾದ ಹುಡುಗ, ಊರೂರು ಅಲೆಯುವ ಬದಲು ನಿನ್ನ ಕೋಣೆಯಲ್ಲಿ ಕುಳಿತು ಕೈಕೆಲಸ ಮಾಡಿ ಉಣ್ಣು. ಇಷ್ಟಕ್ಕೇ ಆ ಸನ್ಯಾಸಿಯ ಮುಖ ಕಪ್ಪಿಟ್ಟಿತು, ಒಳಗಿನ ಉರಿಯನ್ನು ಮುಚ್ಚಿಡಲಾಗಲಿಲ್ಲ. ಆಗ ಹಿರಿಯನು ತಿಳಿಸಿ ಹೇಳಿದ್ದು ಹೀಗೆ: ಯಾರೂ ಹೊರಿಸದ ಘೋರ ಪಾಪಗಳನ್ನೆಲ್ಲ ನೀನಾಗಿ ನಿನ್ನ ಮೇಲೆ ಹೊತ್ತುಕೊಂಡೆ, ನಾನು ಹೇಳಿದ ಒಂದು ಸಣ್ಣ ಮಾತು ಮಾತ್ರ ನಿನಗೆ ಭಾರವಾಯಿತು.

ನಮ್ಮ ಸಾಕ್ಷಿ ಕೂಟಗಳನ್ನು ನೆನೆದರೆ ಈ ಪ್ರಸಂಗ ನನ್ನ ಎದೆಗೆ ನಾಟುತ್ತದೆ. ನಾನು ಅಯೋಗ್ಯ, ನಾನು ಧೂಳು ಎಂದು ಮೈಕಿನ ಮುಂದೆ ಕಣ್ಣೀರಿಡುವವರನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಆ ಮಾತುಗಳಿಗೆ ಒಂದು ರೂಢಿಯ ಧಾಟಿ ಬಂದುಬಿಟ್ಟಿದೆ. ಹಿಂದಿನ ಪಾಪ ಎಷ್ಟು ದೊಡ್ಡದೋ ಸಾಕ್ಷಿಗೆ ಅಷ್ಟು ಬೆಲೆ. ಅಂಥವರಲ್ಲೊಬ್ಬರಿಗೆ, ಅಣ್ಣಾ, ಕಳೆದ ಲೆಕ್ಕಪತ್ರದಲ್ಲಿ ಒಂದು ಖರ್ಚಿಗೆ ರಸೀದಿ ಇಲ್ಲ ಎಂದು ಹೇಳಿ ನೋಡಿ, ಮರುವಾರ ಅವರು ಬೇರೆ ಸಭೆಗೆ ಹೋಗಿರುತ್ತಾರೆ. ದೀನತೆಗೆ ಪರೀಕ್ಷೆ ನಡೆಯುವುದು ಪಾಪನಿವೇದನೆಯ ಸಮಯದಲ್ಲಿ ಅಲ್ಲ, ಆಡಳಿತ ಸಮಿತಿಯ ಸಭೆಯಲ್ಲಿ.

ಆಫ್ರಿಕಕ್ಕೆ ಮರಳೋಣ. ಹಿಪ್ಪೊ ನಗರದ ಬಿಷಪ್ ಆಗಸ್ಟೀನ್ ಇಪ್ಪತ್ತು ವರ್ಷ ದೊನಾತಿಸ್ಟರೊಡನೆ ವಾದಿಸಿದ. ಅವನ ವಾದದ ಗಟ್ಟಿ ತಿರುಳು ಹೀಗಿದೆ. ದೀಕ್ಷಾಸ್ನಾನ ಕೊಡುವವನು ಕ್ರಿಸ್ತ, ಕೈ ಮಾತ್ರ ಪಾದ್ರಿಯದು. ಆ ಕೈ ಕೊಳೆಯಾಗಿದ್ದರೂ ವರ ಕೊಳೆಯಾಗುವುದಿಲ್ಲ. ಗೋದಿಯ ಜೊತೆ ಹಣಜಿಯೂ ಸುಗ್ಗಿಯವರೆಗೆ ಬೆಳೆಯಲಿ ಎಂದು ಯೇಸು ಹೇಳಿದ ಸಾಮ್ಯವನ್ನು ಅವನು ಮತ್ತೆ ಮತ್ತೆ ಎತ್ತಿ ತೋರಿಸಿದ. ಶುದ್ಧರದ್ದೇ ಒಂದು ಸಭೆಯನ್ನು ಕಟ್ಟಹೊರಟರೆ ಆ ಸಭೆಯ ಜೀವ ಕ್ರಿಸ್ತನ ಕೃಪೆಯಲ್ಲಿ ಇರುವುದಿಲ್ಲ, ಪಾದ್ರಿಯ ನಡತೆಯ ಪ್ರಮಾಣಪತ್ರದಲ್ಲಿ ಇರುತ್ತದೆ. ಹಾಗಾದರೆ ಯಾರೊಬ್ಬರಿಗಾದರೂ ತಮ್ಮ ದೀಕ್ಷಾಸ್ನಾನದ ಬಗ್ಗೆ ನೆಮ್ಮದಿ ಹೇಗೆ ಸಿಕ್ಕೀತು? ಇದು ಪಾದ್ರಿಗಳ ಪಾಪಕ್ಕೆ ರಿಯಾಯಿತಿ ಕೊಡುವ ಮಾತಲ್ಲ. ನಂಬುವವರ ಭಾರವನ್ನು ಇಳಿಸಿದ ಮಾತು.

411ರ ಜೂನಿನಲ್ಲಿ ಚಕ್ರವರ್ತಿ ಹೊನೋರಿಯುಸನ ಆಜ್ಞೆಯಂತೆ ಎರಡೂ ಪಕ್ಷದ ಬಿಷಪರು ಕಾರ್ಥೇಜಿನ ಗಾರ್ಗಿಲಿಯುಸ್ ಸ್ನಾನಗೃಹದ ಹಜಾರದಲ್ಲಿ ಸೇರಿದರು. ಒಂದೊಂದು ಕಡೆಯೂ 280ರ ಆಸುಪಾಸು ಬಿಷಪರು. ನಡುವೆ ತೀರ್ಪುಗಾರನಾಗಿ ಮಾರ್ಸೆಲ್ಲಿನುಸ್ ಎಂಬ ಅಧಿಕಾರಿ, ಪ್ರತಿಯೊಂದು ಮಾತನ್ನೂ ಬರೆದುಕೊಳ್ಳುವ ಶೀಘ್ರಲಿಪಿಕಾರರು. ದಯವಿಟ್ಟು ಕುಳಿತುಕೊಳ್ಳಿ ಎಂದು ಮಾರ್ಸೆಲ್ಲಿನುಸ್ ಕೋರಿದ. ದೊನಾತಿಸ್ಟರು ಕೂರಲಿಲ್ಲ. ದುಷ್ಟರ ಜೊತೆ ಕೂರಬಾರದೆಂದು ಕೀರ್ತನೆಯಲ್ಲಿ ಬರೆದಿದೆ ಎಂಬುದು ಅವರ ಕಾರಣ. ಬಿಷಪರು ನಿಂತಿರುವಾಗ ತಾನು ಕೂರುವುದು ತರವಲ್ಲವೆಂದು ಮಾರ್ಸೆಲ್ಲಿನುಸನೂ ಎದ್ದು ನಿಂತ. ಒಂದೇ ಸುವಾರ್ತೆಯನ್ನು ಓದುವ, ಒಂದೇ ತ್ರಿಯೇಕ ದೇವರ ಹೆಸರಿನಲ್ಲಿ ಸ್ನಾನ ಪಡೆದ ಜನ, ಎದುರಾಳಿ ಕೂತ ಪೀಠ ತಮಗೆ ಮೈಲಿಗೆಯೆಂದು ಬಗೆದರು. ಧರ್ಮಶಾಸ್ತ್ರದ ವಾಕ್ಯ ಕೈಯಲ್ಲೇ ಇದೆ, ಆದ್ದರಿಂದ ಮನಸ್ಸಿಗೆ ಅಳುಕೂ ಇಲ್ಲ.

ಈ ಸಭೆಗೆ ಸ್ವಲ್ಪ ಮೊದಲು ಕಥೋಲಿಕ ಪಕ್ಷದಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಇಡೀ ಸಭಾ ಇತಿಹಾಸದ ಅಪರೂಪದ ಗಳಿಗೆಗಳಲ್ಲೊಂದು. ಆಗಸ್ಟೀನನೂ ಅವನ ಗೆಳೆಯರೂ ಒಂದು ಪ್ರಸ್ತಾಪವಿಟ್ಟರು. ನಾವು ವಾದದಲ್ಲಿ ಸೋತರೆ ಬಿಷಪ್ ಪದವಿಯನ್ನು ಬಿಟ್ಟುಕೊಡೋಣ. ಗೆದ್ದರೆ ಅವರನ್ನೂ ಬಿಷಪರೆಂದೇ ಒಪ್ಪಿ, ಒಂದೇ ಊರಿನಲ್ಲಿ ಇಬ್ಬರೂ ಪೀಠವನ್ನು ಹಂಚಿಕೊಳ್ಳೋಣ. ಜನಕ್ಕೆ ಅದು ಇಷ್ಟವಾಗದಿದ್ದರೆ ಇಬ್ಬರೂ ಇಳಿದು ಮೂರನೆಯವನಿಗೆ ಜಾಗ ಬಿಡೋಣ. ಸುಮಾರು ಮುನ್ನೂರು ಬಿಷಪರ ಮುಂದೆ ಇದನ್ನಿಟ್ಟಾಗ ಒಪ್ಪದವರು ಇಬ್ಬರೇ ಎಂದು ಆಗಸ್ಟೀನ್ ಮುಂದೆ ನೆನಪಿಸಿಕೊಂಡ. ಒಬ್ಬ ಮುದುಕ ಬಾಯಿಬಿಟ್ಟೇ ಹೇಳಿದ. ಇನ್ನೊಬ್ಬನ ಅಸಮ್ಮತಿ ಮುಖದಲ್ಲೇ ಕಂಡಿತು. ಎಲ್ಲರೂ ಆ ಮುದುಕನನ್ನು ಒಪ್ಪಿಸಿದ ಮೇಲೆ ಇನ್ನೊಬ್ಬನ ಮುಖವೂ ಬದಲಾಯಿತು. ಪದವಿಯಿರುವುದು ಜನರಿಗಾಗಿ, ಜನರ ಒಗ್ಗಟ್ಟಿಗೆ ಅದು ಅಡ್ಡಿಯಾದರೆ ಹೋಗಲಿ ಎಂದು ಮುನ್ನೂರು ಅಧಿಕಾರಸ್ಥರು ಸಹಿ ಹಾಕುವುದೆಂದರೆ ಸಣ್ಣ ಸಂಗತಿಯಲ್ಲ. ನಮ್ಮ ಡಯಾಸಿಸ್‌ಗಳ ಚುನಾವಣೆಗಳು ಕೋರ್ಟು ಕಚೇರಿ ಹತ್ತುವುದನ್ನು ನೋಡುತ್ತಿರುವ ನಾವು ಈ ಪುಟವನ್ನು ಮತ್ತೆ ಓದಬೇಕು. ಇಲ್ಲಿ ದೀನತೆ ಭಾವನೆಯಾಗಿ ಉಳಿಯಲಿಲ್ಲ, ಕಳೆದುಕೊಳ್ಳಲು ಸಿದ್ಧವಾದ ಒಂದು ಲಿಖಿತ ಒಪ್ಪಂದವಾಯಿತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಮುಗಿಸಿದರೆ ನಾನು ಸತ್ಯಕ್ಕೆ ಮೋಸ ಮಾಡಿದಂತೆ. ಮಾರ್ಸೆಲ್ಲಿನುಸನ ತೀರ್ಪು ಕಥೋಲಿಕರ ಪರವಾಗಿ ಬಂತು. 412ರ ಜನವರಿಯಲ್ಲಿ ಹೊನೋರಿಯುಸ್ ಶಾಸನ ಹೊರಡಿಸಿದ. ದೊನಾತಿಸ್ಟರಾಗಿ ಉಳಿದವರಿಗೆ ಅಂತಸ್ತಿಗೆ ತಕ್ಕ ದಂಡ, ಅವರ ಪಾದ್ರಿಗಳಿಗೆ ಗಡೀಪಾರು, ಆಲಯಗಳ ಮುಟ್ಟುಗೋಲು, ಗುಲಾಮರಿಗೂ ಗೇಣಿಯಾಳುಗಳಿಗೂ ಹೊಡೆತ. ಮೊದಲು ಬಲಾತ್ಕಾರವನ್ನು ವಿರೋಧಿಸುತ್ತಿದ್ದ ಆಗಸ್ಟೀನ್ ಇಷ್ಟು ಹೊತ್ತಿಗೆ ಮನಸ್ಸು ಬದಲಿಸಿದ್ದ. ತನ್ನ ಹುಟ್ಟೂರು ತಗಸ್ತೆಯಲ್ಲಿ ಕಾನೂನಿನ ಭಯದಿಂದಲೇ ಜನ ಒಂದಾದರು, ಈಗ ಸಂತೋಷವಾಗಿದ್ದಾರೆ ಎಂಬುದು ಅವನು ಕೊಟ್ಟ ಕಾರಣ. ಔತಣದ ಸಾಮ್ಯದಲ್ಲಿ ದಾರಿಹೋಕರನ್ನು ಒತ್ತಾಯಿಸಿ ಕರೆತರಲು ಯಜಮಾನ ಹೇಳಿದ ಮಾತನ್ನು ಅವನು ಈ ಶಾಸನಗಳಿಗೆ ಆಧಾರ ಮಾಡಿಕೊಂಡ. ಅವನ ಪರವಾಗಿಯೂ ಹೇಳಬೇಕಾದದ್ದಿದೆ. ದೊನಾತಿಸ್ಟರ ಕಡೆಯ ಪುಂಡರ ಗುಂಪುಗಳು ಪಾದ್ರಿಗಳ ಮೇಲೆ ಕೈಮಾಡಿದ್ದವು, ಕೊಲೆಯೂ ನಡೆದಿತ್ತು. ಆ ಕೊಲೆಗಾರರಿಗೆ ಮರಣದಂಡನೆ ಕೊಡಬೇಡ ಎಂದು ಮಾರ್ಸೆಲ್ಲಿನುಸನಿಗೆ ಪತ್ರ ಬರೆದು ಬೇಡಿಕೊಂಡವನೂ ಆಗಸ್ಟೀನನೇ. ಆದರೂ ಆ ಸಾಮ್ಯವನ್ನು ಅವನು ಓದಿದ ರೀತಿ ಮುಂದಿನ ಸಾವಿರ ವರ್ಷ ಎಷ್ಟೋ ಜನರ ಬೆನ್ನಿನ ಮೇಲೆ ಬಾರುಕೋಲಾಗಿ ಬಿತ್ತು. ಕೃಪೆಯ ಮಹಾಗುರು ಎಂದು ನಾನು ಗೌರವಿಸುವ ಆಗಸ್ಟೀನ್ ಇಲ್ಲಿ ತಪ್ಪಿದ ಎಂದು ನಾನು ಹೇಳಲೇಬೇಕು.

418ರ ಸೆಪ್ಟೆಂಬರಿನಲ್ಲಿ ಮೌರೆತಾನಿಯದ ಸಿಸೆರಿಯ ಊರಿನಲ್ಲಿ ಆಗಸ್ಟೀನನಿಗೆ ಎಮೆರಿತುಸ್ ಎದುರಾದ. ಆ ಊರಿನ ಹಿಂದಿನ ದೊನಾತಿಸ್ಟ್ ಬಿಷಪ್, 411ರಲ್ಲಿ ತನ್ನ ಪಕ್ಷದ ಮುಖ್ಯ ವಾದಿಗಳಲ್ಲೊಬ್ಬ. ಈಗ ಕಾನೂನಿನ ಕಣ್ಣಿಗೆ ಅವನಿಗೆ ಸ್ಥಾನವೇ ಇಲ್ಲ. ಆಗಸ್ಟೀನ್ ಅವನನ್ನು ಆಲಯಕ್ಕೆ ಕರೆತಂದು, ಜನರ ಮುಂದೆ ಕೂರಿಸಿ, ಮಾತಾಡು ಸಹೋದರಾ ಎಂದ. ಎಮೆರಿತುಸ್ ಮಾತಾಡಲಿಲ್ಲ. 411ರ ದಾಖಲೆಯಲ್ಲೇ ಯಾರು ಗೆದ್ದರೆಂದು ಕಾಣುತ್ತದೆ ಎಂಬಷ್ಟು ಹೇಳಿ ಸುಮ್ಮನಾದ. ಮುನ್ನೂರು ಜನ ಪದವಿ ಬಿಡಲು ಒಪ್ಪಿದ ಕಥೆಯನ್ನು ಆಗಸ್ಟೀನ್ ಹೇಳಿದ್ದು ಅವನೆದುರಿನಲ್ಲೇ. ನಾನು ಆ ಕಥೆಯನ್ನು ಓದುವಾಗೆಲ್ಲ ಕೇಳುತ್ತಾ ಕುಳಿತಿದ್ದ ಎಮೆರಿತುಸ್ ನೆನಪಾಗುತ್ತಾನೆ. ನಾವು ಎಷ್ಟು ದೀನರಾಗಿದ್ದೆವು ನೋಡು ಎಂದು ಸೋತವನ ಮುಂದೆ, ಚಕ್ರವರ್ತಿಯ ಶಾಸನ ಬೆನ್ನಿಗಿರುವಾಗ, ಹೇಳಿದರೆ ಆ ದೀನತೆಗೆ ಏನಾಗುತ್ತದೆ? ಅದು ನಿಜವಾಗಿದ್ದ ಕಾಲ ಏಳು ವರ್ಷ ಹಿಂದೆ ಸರಿದಿತ್ತು. ಈಗ ಅದು ಗೆದ್ದವರ ಪುಣ್ಯದ ಲೆಕ್ಕಕ್ಕೆ ಸೇರಿಹೋಗಿತ್ತು. ಸುಂಕದವನೂ ಮರುದಿನ ಮತ್ತೆ ದೇವಾಲಯಕ್ಕೆ ಬಂದು, ನಿನ್ನೆ ನಾನು ಹೇಗೆ ಎದೆ ಬಡಿದುಕೊಂಡೆ ಎಂದು ನೆನೆಸಿಕೊಂಡರೆ ಅವನಿಗೂ ಇದೇ ಆಪತ್ತು.

ಇದೆಲ್ಲ ನಮಗೆ ದೂರದ ಕಥೆಯಲ್ಲ. ಬಾಲ್ಯದಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಅದು ಸ್ನಾನವೇ ಅಲ್ಲ, ಮತ್ತೊಮ್ಮೆ ನೀರಿಗಿಳಿಯಿರಿ ಎಂದು ಕರೆಯುವ ಸಭೆಗಳು ನಮ್ಮ ಊರುಗಳಲ್ಲಿ ಇವೆ. ನಂಬಿಕೆ ಮೂಡಿದ ಮೇಲೆಯೇ ಸ್ನಾನ ಎಂಬ ಅವರ ಬೋಧನೆಗೆ ಶಾಸ್ತ್ರದ ವಾದವುಂಟು, ಅದನ್ನು ದೊನಾತಿಸ್ಟರ ಜೊತೆ ಸೇರಿಸುವುದು ಸರಿಯಲ್ಲ. ಆದರೆ ಅದರ ಜೊತೆ ಸಾಮಾನ್ಯವಾಗಿ ಬರುವ ಇನ್ನೊಂದು ಮಾತಿದೆ: ಅವರು ಹೆಸರಿಗೆ ಕ್ರೈಸ್ತರು, ನಾವು ನಿಜವಾದವರು. ಹಳೆಯ ಸಭೆಯವರೂ ಕಡಿಮೆಯಿಲ್ಲ. ನಮ್ಮದು ಮಿಷನರಿ ಕಾಲದ ಸಭೆ, ನಿನ್ನೆ ಮೊನ್ನೆ ಶೆಡ್ಡಿನಲ್ಲಿ ಶುರುವಾದವರಿಗೆ ಏನು ಗೊತ್ತು ಎನ್ನುತ್ತಾರೆ. ಇವೆರಡಕ್ಕಿಂತ ಹೇಸಿಗೆಯದು ಜಾತಿ. ಬೆಂಚು ಬೇರೆ, ಸಮಾಧಿಭೂಮಿ ಬೇರೆ ಎಂಬ ಪದ್ಧತಿ ದಕ್ಷಿಣ ಭಾರತದ ಎಷ್ಟೋ ಸಭೆಗಳಲ್ಲಿತ್ತು, ಕೆಲವೆಡೆ ಇಂದಿಗೂ ಹೋಗಿಲ್ಲ. ಒಂದೇ ಪಾನಪಾತ್ರೆಯಿಂದ ಕುಡಿದವರು ಸತ್ತ ಮೇಲೆ ಒಂದೇ ಮಣ್ಣಿನಲ್ಲಿ ಮಲಗಲು ಒಲ್ಲದಿರುವುದನ್ನು ಯಾವ ದೇವಶಾಸ್ತ್ರ ಸಮರ್ಥಿಸೀತು?

ನನಗೆ ಧೈರ್ಯ ಕೊಡುವ ಇನ್ನೊಂದು ಸಂಗತಿಯೂ ನಮ್ಮ ದಕ್ಷಿಣದಲ್ಲೇ ನಡೆದಿದೆ. 1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಪಂಗಡಗಳ ಪಾದ್ರಿಗಳು, ಬಹುತೇಕ ಭಾರತೀಯರು,  ಕೂಡಿ, ಎಲ್ಲಿಂದಲೋ ಬಂದ ಈ ಒಡಕುಗಳನ್ನು ನಾವೇಕೆ ಹೊರಬೇಕು ಎಂದು ಕೇಳಿಕೊಂಡರು. ಬಿಷಪ್ ವಿ. ಎಸ್. ಅಜರಾಯ್ಯ ಅವರಂಥವರು ಮುಂದೆ ನಿಂತು ನಡೆಸಿದ ಮಾತುಕತೆ 28 ವರ್ಷ ಸಾಗಿತು. ಅಜರಾಯ್ಯನವರು ಅದರ ಫಲ ಕಾಣದೆ 1945ರ ಮೊದಲ ದಿನ ತೀರಿಕೊಂಡರು. ತಡವಾಗಲು ಮುಖ್ಯ ಕಾರಣ ದೊನಾತಿಸ್ಟರ ಕಾಲದ್ದೇ ಪ್ರಶ್ನೆ: ಯಾರ ಅಭಿಷೇಕ ನಿಜವಾದ ಅಭಿಷೇಕ? ಆಂಗ್ಲಿಕನ್ ಸಭೆಗೆ ಬಿಷಪನ ಹಸ್ತದಿಂದ ಆಗದ ಅಭಿಷೇಕ ಒಪ್ಪಿಗೆಯಾಗಿರಲಿಲ್ಲ. ಮೆಥಡಿಸ್ಟರು, ಕಾಂಗ್ರಿಗೇಷನಲಿಸ್ಟರು, ಪ್ರೆಸ್ಬಿಟೇರಿಯನ್ನರು, ಇಷ್ಟು ವರ್ಷ ನಾವು ಬಡಿಸಿದ ಕರ್ತನ ಭೋಜನ ಏನಾಗಿತ್ತು ಹಾಗಾದರೆ ಎಂದು ಕೇಳಿದರು. ಇಂಗ್ಲೆಂಡಿನಿಂದ ಕಟುವಾದ ವಿರೋಧ ಬಂತು, ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದರು. ಕೊನೆಗೆ ಒಪ್ಪಂದವಾದದ್ದು ಹೀಗೆ. ಬಿಷಪರಿಲ್ಲದ ಪಂಗಡದವರು ಬಿಷಪ್ ವ್ಯವಸ್ಥೆಯನ್ನು ಸ್ವೀಕರಿಸಿದರು. ಆಂಗ್ಲಿಕನ್ನರು ಉಳಿದವರ ಪಾದ್ರಿಗಳನ್ನು ಮತ್ತೆ ಅಭಿಷೇಕಿಸದೆ, ಇದ್ದಂತೆಯೇ, ಸಭಾಪಾಲಕರೆಂದು ಅಂಗೀಕರಿಸಿದರು. ಇಬ್ಬರೂ ತಾವು ಅತ್ಯಂತ ಜತನದಿಂದ ಕಾಪಾಡಿಕೊಂಡು ಬಂದುದನ್ನೇ ಮೇಜಿನ ಮೇಲಿಟ್ಟರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ದಕ್ಷಿಣ ಇಂಡಿಯಾ ಸಭೆ ಜನ್ಮ ತಾಳಿತು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಬೆಂಗಳೂರಿನ ಲಂಡನ್ ಮಿಷನ್ ಸಭೆಗಳೂ ಅದರೊಳಗೆ ಬಂದವು.

ಆ ಒಪ್ಪಂದದಲ್ಲಿ ಒಂದು ಪ್ರತಿಜ್ಞೆ ಸೇರಿತ್ತು. ಯಾವುದೇ ಸ್ಥಳೀಯ ಸಭೆಯ ಮನಸ್ಸಾಕ್ಷಿ ಒಪ್ಪದ ಸಭಾಪಾಲಕರನ್ನಾಗಲಿ, ಅದಕ್ಕೆ ಒಗ್ಗದ ಆರಾಧನಾ ಕ್ರಮವನ್ನಾಗಲಿ ಅದರ ಮೇಲೆ ಗೊತ್ತಿದ್ದೂ ಹೇರುವುದಿಲ್ಲ ಎಂಬುದು ಅದರ ಸಾರ. ಒಂದಾಗಬೇಕು ಎಂದವರೇ, ಒಂದಾಗಲು ಹಿಂಜರಿಯುವವರ ಮೇಲೆ ಬಲ ಪ್ರಯೋಗಿಸುವುದಿಲ್ಲ ಎಂದು ತಮ್ಮ ಕೈಯನ್ನು ತಾವೇ ಕಟ್ಟಿಕೊಂಡರು. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಈ ಪ್ರತಿಜ್ಞೆಯನ್ನೂ ಎಮೆರಿತುಸನ ಮುಂದೆ ನಡೆದ ಕಲಾಪದ ದಾಖಲೆಯನ್ನೂ ಒಟ್ಟಿಗೆ ಇಟ್ಟು ಓದಿ, ಆಮೇಲೆ ನಿಮ್ಮ ನಿಮ್ಮ ಸಭೆಯ ಕಳೆದ ವಾರ್ಷಿಕ ಮಹಾಸಭೆಯ ನಡಾವಳಿ ಪುಸ್ತಕವನ್ನು ತೆರೆಯಿರಿ.